ಉಲ್ಲೇಖ ವ್ಯಾಪ್ತಿ: ಲ್ಯಾಬ್ ರಿಪೋರ್ಟಿನ ‘ನಾರ್ಮಲ್’ ಹೇಗೆ ನಿಗದಿಯಾಗುತ್ತದೆ

ರಕ್ತ, ಮೂತ್ರ ಮೊದಲಾದವುಗಳ ಪರೀಕ್ಷೆಯ ಫಲಿತಾಂಶವನ್ನು ಹೋಲಿಸಿ ನೋಡಲೆಂದು ರಿಪೋರ್ಟಿನಲ್ಲಿ ಅದರ ಪಕ್ಕದಲ್ಲೇ ಅಚ್ಚಾಗುವ ಕೆಳಮಿತಿ ಮತ್ತು ಮೇಲ್ಮಿತಿಗಳ ಜೋಡಿಗೆ ಉಲ್ಲೇಖ ವ್ಯಾಪ್ತಿ ಎಂದು ಹೆಸರು. ಲ್ಯಾಬಿನವರು ಇದನ್ನು ರೆಫರೆನ್ಸ್ ರೇಂಜ್ ಎನ್ನುತ್ತಾರೆ, ರೋಗಿಗಳು ನಾರ್ಮಲ್ ರೇಂಜ್ ಎನ್ನುತ್ತಾರೆ. ಆರೋಗ್ಯವಂತರೆಂದು ಆರಿಸಿಕೊಂಡ ಒಂದು ಗುಂಪಿನಲ್ಲಿ ನಡುವಿನ ಶೇ 95 ಮಂದಿಯ ಅಳತೆಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಆ ಗುಂಪಿನಲ್ಲಿದ್ದವರು ಯಾರು, ಅವರನ್ನು ಆರಿಸಿದವರು ಯಾರು, ಯಾವ ಊರಿನಲ್ಲಿ, ಯಾವ ಯಂತ್ರದಲ್ಲಿ ಅಳೆದರು ಎಂಬ ವಿವರಗಳು ರಿಪೋರ್ಟಿನ ಹಾಳೆಯಲ್ಲಿ ಇರುವುದಿಲ್ಲ. ಆದರೆ ವ್ಯಾಪ್ತಿಯ ಬೆಲೆಯೆಲ್ಲ ನಿಂತಿರುವುದು ಆ ವಿವರಗಳ ಮೇಲೆಯೇ.

ಆರೋಗ್ಯವಂತರ ಶೇ 5ರಷ್ಟು ಅಳತೆಗಳು ಹೊರಗೆ ಬೀಳುವಂತೆಯೇ ಗೆರೆ ಎಳೆದಿರುವುದರಿಂದ, ಮಾಡಿಸುವ ಪರೀಕ್ಷೆಗಳು ಹೆಚ್ಚಿದಷ್ಟೂ ಯಾವುದಾದರೊಂದು ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿ ಬರುವ ಸಂಭವ ಹೆಚ್ಚುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಏನೂ ತೊಂದರೆಯಿಲ್ಲದ ವ್ಯಕ್ತಿಗೆ ಮಾಡಿದರೆ ಎಲ್ಲ 20 ಅಂಕಿಗಳೂ ವ್ಯಾಪ್ತಿಯೊಳಗೇ ಇರುವ ಸಂಭವ 0.95ರ 20ನೇ ಘಾತ, ಅಂದರೆ ಸುಮಾರು ಶೇ 36. ಉಳಿದ ಶೇ 64 ಮಂದಿಗೆ ಕನಿಷ್ಠ ಒಂದು ಅಂಕಿಯಾದರೂ ‘ಹೆಚ್ಚು’ ಅಥವಾ ‘ಕಡಿಮೆ’ ಎಂದು ಬರುತ್ತದೆ. ನಿಜದಲ್ಲಿ ಹಲವು ಪರೀಕ್ಷೆಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ಈ ಸಂಖ್ಯೆ ಸ್ವಲ್ಪ ಇಳಿಯುತ್ತದೆ. ಆದರೂ ಒಂದೇ ಸಲಕ್ಕೆ ಹತ್ತಾರು ಅಂಕಿಗಳನ್ನು ಕೊಡುವ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಿಂದ ಹುಟ್ಟುವ ಆತಂಕದ ಒಂದು ದೊಡ್ಡ ಪಾಲು ರೋಗದಿಂದಲ್ಲ, ಈ ಲೆಕ್ಕದಿಂದ ಬಂದದ್ದು.

ಹಿನ್ನೆಲೆ

ಮನುಷ್ಯರ ಅಳತೆಗಳನ್ನು ಕಲೆಹಾಕಿ ಸರಾಸರಿ ತೆಗೆದು, ಆ ಸರಾಸರಿಯನ್ನೇ ಮಾದರಿಯೆಂದು ಎಣಿಸುವ ಪರಿಪಾಠಕ್ಕೆ ದಾರಿ ಹಾಕಿದವರು ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ. ‘ಸರಾಸರಿ ಮನುಷ್ಯ’ನೆಂಬ ಅವರ ಕಲ್ಪನೆ 1835ರಲ್ಲಿ ಪ್ರಕಟವಾಯಿತು. ಆದರೆ ರಕ್ತದ ಅಳತೆಗಳಿಗೆ ನಂಬಬಹುದಾದ ಆಧಾರ ಸಿಕ್ಕಿದ್ದು ಸುಮಾರು ನೂರು ವರ್ಷಗಳ ಬಳಿಕ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿದ್ದಾಗ ಮ್ಯಾಕ್ಸ್‌ವೆಲ್ ವಿಂಟ್ರೋಬ್ 1929ರಲ್ಲಿ ಹೆಮಟೋಕ್ರಿಟ್ ನಳಿಕೆಯನ್ನು ರೂಪಿಸಿದರು. ಆರೋಗ್ಯವಂತ ಯುವಜನರ ರಕ್ತವನ್ನು ಅಳೆದು ಕೆಂಪುಕಣ, ಹಿಮೋಗ್ಲೋಬಿನ್‌ಗಳ ಸಹಜ ಪ್ರಮಾಣವನ್ನು ಪಟ್ಟಿಮಾಡಿದರು. ಅದಕ್ಕೂ ಮೊದಲಿನ ಪಠ್ಯಪುಸ್ತಕಗಳು ಹತ್ತೊಂಬತ್ತನೇ ಶತಮಾನದಲ್ಲಿ ಬೆರಳೆಣಿಕೆಯ ಜನರಿಂದ ಪಡೆದ ಅಂಕಿಗಳನ್ನೇ ಒಂದರಿಂದ ಇನ್ನೊಂದು ನಕಲು ಮಾಡಿಕೊಂಡು ಬಂದಿದ್ದವು. ಭಾರತದಲ್ಲೂ ಈ ಕೆಲಸ ತಡವಾಗಲಿಲ್ಲ. ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಸಾಹಿಬ್ ಸಿಂಗ್ ಸೋಖೆ ಮತ್ತು ಸಂಗಡಿಗರು 1930ರ ದಶಕದಲ್ಲೇ ಭಾರತೀಯ ವಯಸ್ಕರ ರಕ್ತಕಣಗಳ ಮತ್ತು ಹಿಮೋಗ್ಲೋಬಿನ್ನಿನ ಪ್ರಮಾಣಗಳನ್ನು ಅಳೆದು ಪ್ರಕಟಿಸಿದ್ದರು.

ಆಗೆಲ್ಲ ಬಳಕೆಯಲ್ಲಿದ್ದದ್ದು ‘ಸಹಜ ಮೌಲ್ಯ’ ಎಂಬ ಮಾತು. 1969ರಲ್ಲಿ ಫಿನ್ಲೆಂಡಿನ ರಾಲ್ಫ್ ಗ್ರೆಸ್‌ಬೆಕ್ ಮತ್ತು ನಿಲ್ಸ್-ಎರಿಕ್ ಸಾರಿಸ್ ಅದನ್ನು ಕೈಬಿಟ್ಟು ‘ಉಲ್ಲೇಖ ಮೌಲ್ಯ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಯಾರ ರಕ್ತ, ಯಾವ ಸ್ಥಿತಿಯಲ್ಲಿ, ಯಾವ ವಿಧಾನದಿಂದ ಎಂದು ಬರೆದಿಡದ ಅಂಕಿಯನ್ನು ಹೋಲಿಕೆಗೆ ಬಳಸಬಾರದೆಂಬುದು ಅವರ ವಾದದ ತಿರುಳು. ಇದನ್ನು ಆಧರಿಸಿ ಅಂತರರಾಷ್ಟ್ರೀಯ ಕ್ಲಿನಿಕಲ್ ಕೆಮಿಸ್ಟ್ರಿ ಒಕ್ಕೂಟವಾದ ಐಎಫ್‌ಸಿಸಿ 1980ರ ದಶಕದಲ್ಲಿ ಆರು ಭಾಗಗಳ ಶಿಫಾರಸುಗಳನ್ನು ಸಿದ್ಧಪಡಿಸಿತು. ವ್ಯಕ್ತಿಗಳ ಆಯ್ಕೆ, ರಕ್ತ ತೆಗೆಯುವ ಕ್ರಮ, ಅಳತೆ, ಅಂಕಿಗಳ ಸಂಸ್ಕರಣೆ, ರಿಪೋರ್ಟಿನಲ್ಲಿ ಬರೆಯುವ ಬಗೆ ಎಲ್ಲವೂ ಅದರಲ್ಲಿ ಬಂದವು. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ ಹೊರತಂದ ಇಪಿ28 ಎಂಬ ಕೈಪಿಡಿ ಇಂದು ಜಗತ್ತಿನ ಲ್ಯಾಬುಗಳು ಹೆಚ್ಚಾಗಿ ಅನುಸರಿಸುವ ದಾರಿ.

ಆರೋಗ್ಯವಂತರೆಂದರೆ ಯಾರು

ಇಡೀ ಕೆಲಸದಲ್ಲಿ ಅತಿ ಕಷ್ಟದ ಹೆಜ್ಜೆ ಇದು. ಯಂತ್ರ ಎಷ್ಟೇ ನಿಖರವಾಗಿರಲಿ, ಗುಂಪಿಗೆ ಯಾರನ್ನು ಸೇರಿಸಿದರು ಎಂಬುದು ಫಲಿತಾಂಶವನ್ನು ಬದಲಿಸಿಬಿಡುತ್ತದೆ. ಸುಲಭವಾಗಿ ಸಿಗುವವರು ರಕ್ತದಾನಿಗಳು, ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಆಸ್ಪತ್ರೆಯ ಸಿಬ್ಬಂದಿ. ಇವರಲ್ಲಿ ವಯಸ್ಸಾದವರು ಕಡಿಮೆ. ಜೊತೆಗೆ ರಕ್ತದಾನಿಗಳನ್ನು ಹಿಮೋಗ್ಲೋಬಿನ್ ನೋಡಿಯೇ ಒಳಗೆ ಬಿಟ್ಟಿರುವುದರಿಂದ ಅವರಿಂದ ಹಿಮೋಗ್ಲೋಬಿನ್ ವ್ಯಾಪ್ತಿ ಕಟ್ಟಿದರೆ ಕೆಳಮಿತಿ ತಾನಾಗಿಯೇ ಮೇಲೇರುತ್ತದೆ.

ಯಕೃತ್ತಿನ ತೊಂದರೆ ಪತ್ತೆಹಚ್ಚಲು ಬಳಸುವ ಎಎಲ್‌ಟಿ ಕಿಣ್ವದ ಕತೆ ಈ ಹೆಜ್ಜೆಯ ಮಹತ್ವವನ್ನು ಚೆನ್ನಾಗಿ ತೋರಿಸುತ್ತದೆ. ಬಹುಕಾಲ ಇದರ ಮೇಲ್ಮಿತಿ ಲೀಟರಿಗೆ 40 ಯೂನಿಟ್‌ನ ಆಸುಪಾಸಿನಲ್ಲಿತ್ತು. ಆ ಮಿತಿಯನ್ನು ಕಟ್ಟುವಾಗ ಗುಂಪಿನಲ್ಲಿ ಫ್ಯಾಟಿ ಲಿವರ್ ಇದ್ದವರೂ ತಮಗೆ ಅರಿವಿಲ್ಲದೆ ಸೇರಿಕೊಂಡಿದ್ದರು. ಇಟಲಿಯ ಮಿಲಾನ್‌ನಲ್ಲಿ ದಾನಿಯೆಲೆ ಪ್ರಾತಿ ಮತ್ತು ಸಂಗಡಿಗರು 6,835 ಮಂದಿ ರಕ್ತದಾನಿಗಳ ದಾಖಲೆಯನ್ನು ಮತ್ತೆ ತೆಗೆದು ನೋಡಿದರು. ಸ್ಥೂಲಕಾಯ, ಹೆಚ್ಚಿನ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್, ಸಕ್ಕರೆ ಇದ್ದವರನ್ನೂ ಯಕೃತ್ತಿಗೆ ಹಾನಿ ಮಾಡಬಲ್ಲ ಔಷಧ ಸೇವಿಸುತ್ತಿದ್ದವರನ್ನೂ ಬಿಟ್ಟು ಉಳಿದವರಲ್ಲಿ ಲೆಕ್ಕ ಹಾಕಿ, 2002ರಲ್ಲಿ ಗಂಡಸರಿಗೆ 30, ಹೆಂಗಸರಿಗೆ 19 ಎಂಬ ಹೊಸ ಮೇಲ್ಮಿತಿಯನ್ನು ಸೂಚಿಸಿದರು. ಕಿಣ್ವ ಬದಲಾಗಿರಲಿಲ್ಲ, ಅಳೆಯುವ ಕ್ರಮವೂ ಬದಲಾಗಿರಲಿಲ್ಲ. ‘ಆರೋಗ್ಯವಂತ’ರ ಪಟ್ಟಿಯನ್ನು ಸೋಸಿದ್ದರಿಂದ ಹೆಂಗಸರ ಮಿತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇಷ್ಟು ಕೆಳಗಿನ ಮಿತಿಯನ್ನು ಎಲ್ಲ ಲ್ಯಾಬುಗಳೂ ಒಪ್ಪಿಲ್ಲ. ಒಪ್ಪಿದರೆ ಲಕ್ಷಾಂತರ ಜನರು ಒಂದೇ ದಿನದಲ್ಲಿ ಯಕೃತ್ತಿನ ರೋಗಿಗಳ ಪಟ್ಟಿಗೆ ಸೇರಿಬಿಡುತ್ತಾರೆ ಎಂಬ ಅಂಜಿಕೆಯೂ ಅದಕ್ಕೆ ಕಾರಣ.

ವಿಟಮಿನ್ ಬಿ12 ಇನ್ನೊಂದು ಬಗೆಯ ತೊಡಕನ್ನು ಒಡ್ಡುತ್ತದೆ. ಪ್ರಾಣಿಜನ್ಯ ಆಹಾರದಲ್ಲಷ್ಟೇ ಸಹಜವಾಗಿ ದೊರೆಯುವ ಈ ವಿಟಮಿನ್ ಸಸ್ಯಾಹಾರಿಗಳಲ್ಲಿ ಕಡಿಮೆ ಇರುವುದು ಸಾಮಾನ್ಯ. ಮಾಂಸ, ಮೀನು, ಮೊಟ್ಟೆ ಮುಟ್ಟದವರೇ ತುಂಬಿದ ಗುಂಪಿನಿಂದ ವ್ಯಾಪ್ತಿ ಕಟ್ಟಿದರೆ ಕೆಳಮಿತಿ ಎಷ್ಟು ತಗ್ಗುತ್ತದೆಂದರೆ ನಿಜವಾದ ಕೊರತೆಯೂ ಅದರೊಳಗೆ ಅಡಗಿಕೊಳ್ಳುತ್ತದೆ. ಹೆಚ್ಚು ಜನರಲ್ಲಿ ಕಾಣುವುದು ಬೇರೆ, ಒಳ್ಳೆಯದು ಬೇರೆ. ಉಲ್ಲೇಖ ವ್ಯಾಪ್ತಿಗೆ ಸಿಗುವುದು ಮೊದಲನೆಯದು ಮಾತ್ರ.

ರಕ್ತ ತೆಗೆಯುವ ಬೆಳಗು

ಗುಂಪು ಆಯ್ಕೆಯಾದ ಮೇಲೆ ರಕ್ತ ತೆಗೆಯುವ ಕ್ರಮವನ್ನು ಎಲ್ಲರಿಗೂ ಒಂದೇ ತೆರನಾಗಿ ಇಡಬೇಕು. ಉಲ್ಲೇಖ ಅಧ್ಯಯನವೊಂದರಲ್ಲಿ ಪಾಲ್ಗೊಳ್ಳುವವರು ಹಿಂದಿನ ರಾತ್ರಿ ಬೇಗ ಊಟ ಮುಗಿಸಿ, ಮದ್ಯ ಮುಟ್ಟದೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಬರುತ್ತಾರೆ. ಹಿಂದಿನ ದಿನಗಳಲ್ಲಿ ಜಿಮ್ಮಿನಲ್ಲಿ ಬೆವರಿಳಿಸಿದ್ದರೆ ಸ್ನಾಯುಗಳಿಂದ ಸೋರುವ ಸಿಕೆ ಕಿಣ್ವ ಹಲವು ಪಟ್ಟು ಏರಿರಬಹುದಾದ್ದರಿಂದ ಅದನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಬಂದವರನ್ನು ಕಾಲು ಗಂಟೆಯಾದರೂ ಕುರ್ಚಿಯಲ್ಲಿ ಕೂರಿಸುತ್ತಾರೆ. ನಿಂತಾಗ ರಕ್ತನಾಳದಿಂದ ನೀರಿನಂಶ ಹೊರಗಿನ ಅಂಗಾಂಶಕ್ಕೆ ಜಿನುಗಿ ಆಲ್ಬುಮಿನ್‌ನಂಥ ಪ್ರೋಟೀನುಗಳು ರಕ್ತದಲ್ಲಿ ದಟ್ಟವಾಗುತ್ತವೆ. ಮಲಗಿದ್ದಾಗಿನ ಅಳತೆಗೂ ನಿಂತಾಗಿನದಕ್ಕೂ ಶೇ 10ರಷ್ಟು ಅಂತರ ಬರಬಹುದು. ತೋಳಿಗೆ ಕಟ್ಟುವ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಟ್ಟರೂ ಇದೇ ಪರಿಣಾಮ. ಕಾರ್ಟಿಸಾಲ್, ಕಬ್ಬಿಣ ಮೊದಲಾದವು ಬೆಳಗ್ಗೆ ಒಂದು, ಸಂಜೆ ಇನ್ನೊಂದು ಮಟ್ಟದಲ್ಲಿರುತ್ತವೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುವಾಗ ಕಿರುತಟ್ಟೆಗಳಿಂದ ಪೊಟಾಶಿಯಂ ಹೊರಬರುವುದರಿಂದ ಸೀರಮ್ಮಿನ ಪೊಟಾಶಿಯಂ ಪ್ಲಾಸ್ಮಾದ್ದಕ್ಕಿಂತ ತುಸು ಮೇಲಿರುತ್ತದೆ.

ಇಷ್ಟೆಲ್ಲ ಶಿಸ್ತಿನಿಂದ ಕಟ್ಟಿದ ವ್ಯಾಪ್ತಿಯನ್ನು ಬಸ್ಸಿಳಿದು, ಮೆಟ್ಟಿಲು ಹತ್ತಿ, ಕಾಫಿ ಕುಡಿದು ಬಂದು ಮಧ್ಯಾಹ್ನ ರಕ್ತ ಕೊಟ್ಟವರ ಅಂಕಿಗೆ ಹೋಲಿಸಿದರೆ ತಾಳೆಯಾಗುವುದು ಹೇಗೆ? ರೋಗಿಗೂ ಅದೇ ಕ್ರಮವನ್ನು ಅನ್ವಯಿಸಿದಾಗ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

120 ಮಂದಿಯ ಲೆಕ್ಕ

ಅಂಕಿಗಳು ಕೈಗೆ ಬಂದ ಮೇಲಿನ ವಿಧಾನಗಳಲ್ಲಿ ಐಎಫ್‌ಸಿಸಿ ಮತ್ತು ಸಿಎಲ್‌ಎಸ್‌ಐ ಮೆಚ್ಚುವುದು ತೀರ ಸರಳವಾದದ್ದನ್ನು. ಕನಿಷ್ಠ 120 ಮಂದಿಯ ಅಳತೆಗಳನ್ನು ಕಿರಿದರಿಂದ ಹಿರಿದಕ್ಕೆ ಸಾಲಾಗಿ ಜೋಡಿಸಬೇಕು. 120ಕ್ಕೆ ಒಂದು ಕೂಡಿಸಿ 0.025ರಿಂದ ಗುಣಿಸಿದರೆ 3.025 ಬರುತ್ತದೆ. ಆದ್ದರಿಂದ ಸಾಲಿನ ಮೂರನೆಯ ಅಂಕಿ ಕೆಳಮಿತಿ. ಅದೇ ರೀತಿ 118ನೆಯದು ಮೇಲ್ಮಿತಿ. ಎರಡೂ ತುದಿಗಳ ಆಚೆ ಉಳಿಯುವವರೇ ಆ ಶೇ 5. ಕೆಳಮಿತಿಯ ಶೇ 90ರ ವಿಶ್ವಾಸಾಂತರ, ಅಂದರೆ ನಿಜವಾದ ಮಿತಿ ಇರಬಹುದಾದ ಹರವು, ಸಾಲಿನ ಮೊದಲನೆಯ ಅಂಕಿಯಿಂದ ಏಳನೆಯದರವರೆಗೆ ಚಾಚಿಕೊಳ್ಳುತ್ತದೆ. 120 ಎಂಬ ಸಂಖ್ಯೆ ಬಂದದ್ದೂ ಇಲ್ಲಿಂದಲೇ. ಅದಕ್ಕಿಂತ ಕಡಿಮೆ ಜನರಿದ್ದರೆ ಈ ವಿಶ್ವಾಸಾಂತರವನ್ನು ಸಾಲಿನೊಳಗಿಂದ ಹೆಕ್ಕಲು ಆಗುವುದಿಲ್ಲ. ರಿಪೋರ್ಟಿನಲ್ಲಿ ಗೆರೆ ಹೊಡೆದಂತೆ ಅಚ್ಚಾಗುವ ಮಿತಿಯ ಹಿಂದೆ ಇಷ್ಟೊಂದು ಸಡಿಲ ಇದೆಯೆಂಬುದನ್ನು ವೈದ್ಯರೂ ಮರೆಯುವುದುಂಟು. ಮಿತಿಗಿಂತ ಒಂದು ಕೂದಲೆಳೆ ಹೊರಗಿರುವ ಅಂಕಿಗೂ ಒಳಗಿರುವ ಅಂಕಿಗೂ ಹೇಳುವಂಥ ವ್ಯತ್ಯಾಸವಿಲ್ಲ.

ಹಳೆಯ ಪುಸ್ತಕಗಳಲ್ಲಿ ಕಾಣುವ ಸೂತ್ರ ಬೇರೆ: ಸರಾಸರಿಗೆ ಮಾನಕ ವಿಚಲನೆಯ ಎರಡರಷ್ಟನ್ನು ಕೂಡಿಸಿದರೆ ಮೇಲ್ಮಿತಿ, ಕಳೆದರೆ ಕೆಳಮಿತಿ. ಅಳತೆಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಇದು ಸರಿಹೋಗುತ್ತದೆ. ಆದರೆ ದೇಹದ ಬಹಳಷ್ಟು ಅಳತೆಗಳು ಬಲಕ್ಕೆ ಬಾಲ ಚಾಚಿಕೊಂಡಿರುತ್ತವೆ. ಟ್ರೈಗ್ಲಿಸರೈಡಿನ ಸರಾಸರಿ 130, ಮಾನಕ ವಿಚಲನೆ 70 ಎಂದಿಟ್ಟುಕೊಂಡರೆ ಸೂತ್ರದ ಪ್ರಕಾರ ಕೆಳಮಿತಿ ಸೊನ್ನೆಗಿಂತ ಹತ್ತು ಕಡಿಮೆ! ಇಂಥ ಕಡೆ ಲಾಗರಿದಮ್ ಅಥವಾ ಬಾಕ್ಸ್-ಕಾಕ್ಸ್ ಪರಿವರ್ತನೆಯಿಂದ ಅಂಕಿಗಳನ್ನು ಮೊದಲು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಉಳಿದವುಗಳಿಂದ ತೀರ ದೂರ ನಿಂತ ಅಳತೆಯನ್ನು ತೆಗೆದುಹಾಕಲು ಡಿಕ್ಸನ್‌ನ ನಿಯಮವಿದೆ. ತುದಿಯ ಅಂಕಿಗೂ ಅದರ ಪಕ್ಕದ್ದಕ್ಕೂ ಇರುವ ಅಂತರ ಇಡೀ ಹರವಿನ ಮೂರನೇ ಒಂದು ಭಾಗವನ್ನು ಮೀರಿದರೆ ಆ ಅಂಕಿಯನ್ನು ಬಿಡಬೇಕೆಂದು ಅದು ಹೇಳುತ್ತದೆ.

ಗುಂಪನ್ನು ಒಡೆಯುವ ಪ್ರಶ್ನೆ

ಗಂಡಸರಿಗೆ ಹೆಂಗಸರಿಗಿಂತ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಯೂರಿಕ್ ಆಸಿಡ್ ಹೆಚ್ಚು. ಬೆಳೆಯುವ ಮೂಳೆಗಳಿಂದಾಗಿ ಹದಿಹರೆಯದವರ ಆಲ್ಕಲೈನ್ ಫಾಸ್ಫಟೇಸ್ ವಯಸ್ಕರದ್ದಕ್ಕಿಂತ ಎರಡು ಮೂರು ಪಟ್ಟು ಇರಬಹುದು. ಅದನ್ನು ವಯಸ್ಕರ ವ್ಯಾಪ್ತಿಯ ಪಕ್ಕದಲ್ಲಿ ಅಚ್ಚು ಹಾಕಿ ಕೊಟ್ಟಾಗ ತಂದೆತಾಯಂದಿರು ಹೌಹಾರುವುದು ಸಹಜ. ಎಲ್ಲಿ ಗುಂಪನ್ನು ಒಡೆಯಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸಲು 1990ರಲ್ಲಿ ಯೂಜೀನ್ ಹ್ಯಾರಿಸ್ ಮತ್ತು ಜೇಮ್ಸ್ ಬಾಯ್ಡ್ ಒಂದು ಲೆಕ್ಕವನ್ನು ಕೊಟ್ಟರು. ಒಡೆದರೆ ಪ್ರತಿ ತುಂಡಿಗೂ ಮತ್ತೆ 120 ಮಂದಿ ಬೇಕು. ಮಕ್ಕಳ ವಿಷಯದಲ್ಲಿ ಈ ಖರ್ಚು ಬೆಟ್ಟದಷ್ಟಾಗುತ್ತದೆ. ಯಾವ ತೊಂದರೆಯೂ ಇಲ್ಲದ ಎರಡು ವರ್ಷದ ಕೂಸಿನ ತೋಳಿಗೆ ಸೂಜಿ ಚುಚ್ಚಲು ಯಾವ ತಾಯಿ ಒಪ್ಪುತ್ತಾಳೆ? ಕೆನಡಾದ ಟೊರೊಂಟೊದಲ್ಲಿರುವ ಸಿಕ್‌ಕಿಡ್ಸ್ ಆಸ್ಪತ್ರೆ ಮುನ್ನಡೆಸುವ ಕ್ಯಾಲಿಪರ್ ಯೋಜನೆ ಶಾಲೆ, ಸಮುದಾಯ ಕೇಂದ್ರಗಳಿಗೆ ಹೋಗಿ ಸಾವಿರಾರು ಮಕ್ಕಳಿಂದ ರಕ್ತ ಸಂಗ್ರಹಿಸಿ ವಯಸ್ಸಿಗೆ ತಕ್ಕ ಪಟ್ಟಿಗಳನ್ನು ಸಿದ್ಧಪಡಿಸಿದೆ. ಮಕ್ಕಳ ವೈದ್ಯರಿಗೆ ಇದರಿಂದ ಆದ ಉಪಕಾರ ದೊಡ್ಡದು.

ಥೈರಾಯ್ಡನ್ನು ನಿಯಂತ್ರಿಸುವ ಟಿಎಸ್‌ಎಚ್ ಹಾರ್ಮೋನಿಗೆ ಗರ್ಭಿಣಿಯರಲ್ಲಿ ಇಟ್ಟ ಮಿತಿ ಭಾರತದ ಮಟ್ಟಿಗೆ ಕಲಿಯಬೇಕಾದ ಪಾಠ. ಬಸುರಿನ ಮೊದಲ ತಿಂಗಳುಗಳಲ್ಲಿ ಎಚ್‌ಸಿಜಿ ಹಾರ್ಮೋನು ಥೈರಾಯ್ಡನ್ನು ಪ್ರಚೋದಿಸುವುದರಿಂದ ಟಿಎಸ್‌ಎಚ್ ಇಳಿಯುತ್ತದೆ. ಇದನ್ನು ಗಮನಿಸಿ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2011ರಲ್ಲಿ ಮೊದಲ ತ್ರೈಮಾಸಿಕಕ್ಕೆ 2.5 ಎಂಬ ಮೇಲ್ಮಿತಿಯನ್ನು ಸೂಚಿಸಿತು. ಆದರೆ ದೆಹಲಿಯ ಆರೋಗ್ಯವಂತ ಗರ್ಭಿಣಿಯರನ್ನು ಅಳೆದು ಆರ್. ಕೆ. ಮಾರ್ವಾಹ ಮತ್ತು ಸಂಗಡಿಗರು 2008ರಲ್ಲೇ ಪ್ರಕಟಿಸಿದ್ದ ಮೊದಲ ತ್ರೈಮಾಸಿಕದ ವ್ಯಾಪ್ತಿ 0.6ರಿಂದ 5.0. ಎರಡು ಮಿತಿಗಳ ನಡುವಿನ ಜಾಗದಲ್ಲಿ ಬಿದ್ದ ಹೆಂಗಸರು ಅಮೆರಿಕದ ಪಟ್ಟಿಯಲ್ಲಿ ರೋಗಿಗಳು, ದೆಹಲಿಯ ಪಟ್ಟಿಯಲ್ಲಿ ಆರೋಗ್ಯವಂತರು. 2017ರಲ್ಲಿ ಅಮೆರಿಕದ ಸಂಸ್ಥೆಯೇ ತನ್ನ ಸಲಹೆಯನ್ನು ಬದಲಿಸಿ, ಆಯಾ ಪ್ರದೇಶದ ವ್ಯಾಪ್ತಿಯನ್ನೇ ಬಳಸಿ, ಅದಿಲ್ಲದ ಕಡೆ ಸುಮಾರು 4.0 ಇಟ್ಟುಕೊಳ್ಳಿ ಎಂದಿತು.

ವಂಶವಾಹಿಗಳಿಂದ ಬರುವ ವ್ಯತ್ಯಾಸಕ್ಕೆ ಡಫಿ ರಕ್ತಗುಂಪು ಒಳ್ಳೆಯ ಉದಾಹರಣೆ. ವೈವ್ಯಾಕ್ಸ್ ಮಲೇರಿಯಾದಿಂದ ರಕ್ಷಣೆ ಕೊಡುವ ಒಂದು ವಂಶವಾಹಿ ಮಾರ್ಪಾಟಿನಿಂದಾಗಿ ಆಫ್ರಿಕಾ ಮೂಲದ ಬಹಳಷ್ಟು ಜನರ ಕೆಂಪುಕಣಗಳ ಮೇಲೆ ಡಫಿ ಪ್ರೋಟೀನು ಇರುವುದಿಲ್ಲ. ಅವರ ರಕ್ತದಲ್ಲಿ ಬಿಳಿಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳ ಎಣಿಕೆಯೂ ಕಡಿಮೆ. ಸೋಂಕು ಎದುರಿಸುವ ಶಕ್ತಿಗೆ ಇದರಿಂದ ಕುಂದಿಲ್ಲ. ಆದರೆ ಯೂರೋಪ್ ಮೂಲದವರಿಂದ ಬಂದ 1,500ರ ಕೆಳಮಿತಿಯನ್ನು ಅವರಿಗೂ ಅನ್ವಯಿಸಿದ್ದರಿಂದ ಬೇಡದ ತಪಾಸಣೆಗಳು ನಡೆದವು, ಕ್ಯಾನ್ಸರ್ ಚಿಕಿತ್ಸೆ ಮುಂದಕ್ಕೆ ಹೋಯಿತು, ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೀನ್ ನಿಂತುಹೋಯಿತು.

ಹಿಮೋಗ್ಲೋಬಿನ್ ಗೆರೆ ಮತ್ತು ಭಾರತದ ಮಕ್ಕಳು

ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಗೊತ್ತುಪಡಿಸಿದ ಗೆರೆಗಳು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇವೆ. ಡೆಸಿಲೀಟರಿಗೆ ಗಂಡಸರಲ್ಲಿ 13 ಗ್ರಾಂ, ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಇವುಗಳ ಹಿಂದಿದ್ದ ಅಧ್ಯಯನಗಳು ಕೆಲವೇ ಕೆಲವು. ಅವೂ ಬಹುಮಟ್ಟಿಗೆ ಯೂರೋಪ್ ಮತ್ತು ಉತ್ತರ ಅಮೆರಿಕದ ಜನರ ಮೇಲೆ ನಡೆದವು. ಭಾರತದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67.1, ಕರ್ನಾಟಕದಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇದೆಯೆಂದು ವರದಿ ಮಾಡಿದ್ದು ಇದೇ ಬಗೆಯ ಗೆರೆಗಳನ್ನು ಹಿಡಿದು.

2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕ ಸಮೀಕ್ಷೆ ಈ ಗೆರೆಗಳು ಭಾರತದ ಮಕ್ಕಳಿಗೆ ಒಪ್ಪುತ್ತವೆಯೇ ಎಂದು ಕೇಳಲು ಅವಕಾಶ ಕೊಟ್ಟಿತು. ಅದರಲ್ಲಿ ಮಕ್ಕಳ ಬೆರಳು ಚುಚ್ಚದೆ ತೋಳಿನ ಅಭಿಧಮನಿಯಿಂದ ರಕ್ತ ತೆಗೆದಿದ್ದರು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಫೋಲೇಟ್, ಬಿ12, ವಿಟಮಿನ್ ಎ, ಉರಿಯೂತದ ಸೂಚಕಗಳನ್ನೂ ಅಳೆದಿದ್ದರು. ದೆಹಲಿಯ ಎಚ್‌. ಪಿ. ಎಸ್‌. ಸಚ್‌ದೇವ್, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಹಿಮೋಗ್ಲೋಬಿನ್ ಅಳತೆ ಸಿಕ್ಕಿದ್ದ 41,210 ಮಕ್ಕಳು ಮತ್ತು ಹದಿಹರೆಯದವರ ಪೈಕಿ ಪೋಷಕಾಂಶಗಳ ಕೊರತೆ, ಉರಿಯೂತ ಮೊದಲಾದ ಯಾವ ತೊಂದರೆಯೂ ಇಲ್ಲದ 8,087 ಮಂದಿಯನ್ನು ಹೆಕ್ಕಿ ತೆಗೆದರು. ಅವರ ಹಿಮೋಗ್ಲೋಬಿನ್ನಿನ 5ನೇ ಪರ್ಸೆಂಟೈಲನ್ನು ವಯಸ್ಸಿಗೆ ತಕ್ಕಂತೆ ಲೆಕ್ಕ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಅದು ಬಹಳಷ್ಟು ವಯಸ್ಸುಗಳಲ್ಲಿ 1ರಿಂದ 2 ಗ್ರಾಂ ಕೆಳಗಿತ್ತು. 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಈ ಲೆಕ್ಕದ ಪ್ರಕಾರ, ಅದೇ ಮಕ್ಕಳಲ್ಲಿ ಹಳೆಯ ಗೆರೆ ಹಿಡಿದರೆ ರಕ್ತಹೀನತೆ ಶೇ 30, ಹೊಸ ಗೆರೆ ಹಿಡಿದರೆ ಶೇ 10.8.

ಇದನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. ತಲೆಮಾರುಗಳಿಂದ ಅರೆಹೊಟ್ಟೆಯಲ್ಲಿ ಬೆಳೆದ ಜನರಲ್ಲಿ ಇಂದು ಕೊರತೆ ಕಾಣದ ಮಕ್ಕಳನ್ನೇ ಅಳತೆಗೋಲು ಮಾಡಿಕೊಂಡರೆ, ಆಗಬಹುದಾಗಿದ್ದ ಬೆಳವಣಿಗೆಯನ್ನು ನಾವೇ ಕೈಬಿಟ್ಟಂತಾಗದೇ ಎಂದು ಅವರು ಕೇಳುತ್ತಾರೆ. ಗೆರೆ ಇಳಿದರೆ ಕಬ್ಬಿಣದ ಮಾತ್ರೆ ಹಂಚುವ ಉತ್ಸಾಹ ಕುಗ್ಗಿ ನಿಜವಾದ ರೋಗಿಗಳು ಬಿಟ್ಟುಹೋಗುವರೆಂಬ ಭಯವೂ ಇದೆ. ಇನ್ನೊಂದು ಕಡೆ, ಬೇಡದ ಮಕ್ಕಳಿಗೂ ಹೆಚ್ಚುವರಿ ಕಬ್ಬಿಣ ಉಣಿಸುವುದು ನಿರಪಾಯಕಾರಿಯಲ್ಲ. ಈ ಲೇಖನಕ್ಕೆ ಹೆಚ್ಚು ತೂಕದ್ದಾಗಿ ಕಾಣುವುದು ಕುರ್ಪಾಡ್ ತಂಡದ ವಿಧಾನ. ಗುಂಪನ್ನು ಹೇಗೆ ಆರಿಸಿದರು, ಯಾರನ್ನು ಏಕೆ ಬಿಟ್ಟರು ಎಂಬುದು ಅಲ್ಲಿ ಬಿಚ್ಚಿಟ್ಟ ಹಾಗಿದೆ. ಆರನೇ ಕುಟುಂಬ ಸಮೀಕ್ಷೆಯಿಂದ ರಕ್ತಹೀನತೆಯ ಅಳತೆಯನ್ನು ಕೈಬಿಟ್ಟು, ಅಭಿಧಮನಿಯ ರಕ್ತವನ್ನೇ ಬಳಸುವ ಬೇರೆ ಸಮೀಕ್ಷೆಗೆ ಅದನ್ನು ವಹಿಸಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಆರರಿಂದ 23 ತಿಂಗಳ ಕೂಸುಗಳಿಗೂ ಎರಡನೇ ತ್ರೈಮಾಸಿಕದ ಗರ್ಭಿಣಿಯರಿಗೂ ಗೆರೆ 10.5ಕ್ಕೆ ಇಳಿಯಿತು. ಎತ್ತರದ ಊರುಗಳಲ್ಲಿ ಗಾಳಿ ತೆಳುವಾದ್ದರಿಂದ ದೇಹ ಹೆಚ್ಚು ಹಿಮೋಗ್ಲೋಬಿನ್ ತಯಾರಿಸುತ್ತದೆ. ಅದಕ್ಕಾಗಿ ಮಾಡುವ ಹೊಂದಾಣಿಕೆ ಹಿಂದೆ ಸಮುದ್ರಮಟ್ಟದಿಂದ 1,000 ಮೀಟರಿಗೆ ಶುರುವಾಗುತ್ತಿತ್ತು, ಈಗ 500 ಮೀಟರಿಗೆ ಶುರುವಾಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಇದರಿಂದ ಮೊದಲ ಸಲ ಪಟ್ಟಿಯೊಳಗೆ ಬಂತು. ಅಲ್ಲಿನವರ ಗೆರೆ ಕಡಲತೀರದ ಮಂಗಳೂರಿನವರದ್ದಕ್ಕಿಂತ 0.4 ಗ್ರಾಂ ಮೇಲಿರಬೇಕಾಗುತ್ತದೆ.

ನಿರ್ಣಯ ಮಿತಿ ಬೇರೆ

ರಿಪೋರ್ಟಿನಲ್ಲಿ ಅದೇ ಕಾಲಮ್ಮಿನಲ್ಲಿ ಅಚ್ಚಾಗುವ ಎಲ್ಲವೂ ಉಲ್ಲೇಖ ವ್ಯಾಪ್ತಿಗಳಲ್ಲ. ಕೊಲೆಸ್ಟರಾಲ್ 200 ಮೀರಬಾರದು, ಎಚ್‌ಬಿಎ1ಸಿ ಶೇ 6.5 ತಲುಪಿದರೆ ಮಧುಮೇಹ ಎಂಬವು ಆರೋಗ್ಯವಂತರ ಹರವಿನಿಂದ ಬಂದವಲ್ಲ. ಯಾವ ಮಟ್ಟದಿಂದ ಹೃದಯಾಘಾತವೋ ಕಣ್ಣಿನ ತೊಂದರೆಯೋ ಹೆಚ್ಚುತ್ತದೆಂದು ನೋಡಿ ತಜ್ಞರ ಸಮಿತಿಗಳು ಎಳೆದ ಗೆರೆಗಳು, ಅಂದರೆ ನಿರ್ಣಯ ಮಿತಿಗಳು ಅವು. ಸಮಿತಿಗಳು ಮನಸ್ಸು ಬದಲಿಸುತ್ತವೆ. ಬರಿಹೊಟ್ಟೆಯ ಸಕ್ಕರೆಯಲ್ಲಿ ಮಧುಮೇಹದ ಗೆರೆಯನ್ನು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 1997ರಲ್ಲಿ 140ರಿಂದ 126ಕ್ಕೆ ಇಳಿಸಿತು. ವಿಟಮಿನ್ ಡಿಗೆ 2011ರಲ್ಲಿ ಒಂದು ಸಮಿತಿ 20 ಸಾಕೆಂದರೆ ಎಂಡೋಕ್ರೈನ್ ಸೊಸೈಟಿ 30 ಬೇಕೆಂದಿತು. 2024ರಲ್ಲಿ ಆ ಸೊಸೈಟಿಯೇ 30ರ ಗೆರೆಯನ್ನು ಹಿಂತೆಗೆದುಕೊಂಡಿತು. ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಉಲ್ಲೇಖ ವ್ಯಾಪ್ತಿ ಮತ್ತು ನಿರ್ಣಯ ಮಿತಿಗಳೆರಡರ ನಡುವೆ ನಿಂತಿದೆ. ಅದರ ಗೆರೆ ಆರೋಗ್ಯವಂತರ 99ನೇ ಪರ್ಸೆಂಟೈಲ್, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ.

ಎರವಲು ವ್ಯಾಪ್ತಿ ಮತ್ತು 20 ಮಂದಿಯ ಪರೀಕ್ಷೆ

ಪ್ರತಿ ಲ್ಯಾಬೂ ಪ್ರತಿ ಪರೀಕ್ಷೆಗೆ 120 ಆರೋಗ್ಯವಂತರನ್ನು ಹುಡುಕುವುದು ಆಗದ ಮಾತು. ತಾಲ್ಲೂಕು ಕೇಂದ್ರದ ಲ್ಯಾಬ್ ಸಾಮಾನ್ಯವಾಗಿ ಕಿಟ್ ಜೊತೆ ಬರುವ ಕಾಗದದಲ್ಲಿರುವ ವ್ಯಾಪ್ತಿಯನ್ನೇ ಸಾಫ್ಟ್‌ವೇರಿಗೆ ತುಂಬಿಕೊಳ್ಳುತ್ತದೆ. ಆ ಎರವಲು ವ್ಯಾಪ್ತಿ ತನ್ನ ಜನರಿಗೆ ಹೊಂದುತ್ತದೆಯೇ ಎಂದು ನೋಡಲು ಸಿಎಲ್‌ಎಸ್‌ಐ ಒಂದು ಅಗ್ಗದ ದಾರಿ ತೋರಿಸಿದೆ. ತನ್ನ ಊರಿನ 20 ಆರೋಗ್ಯವಂತರನ್ನು ಅಳೆದು, ಎರಡಕ್ಕಿಂತ ಹೆಚ್ಚು ಅಂಕಿಗಳು ಹೊರಬೀಳದಿದ್ದರೆ ಎರವಲು ವ್ಯಾಪ್ತಿಯನ್ನು ಒಪ್ಪಬಹುದು. ಹೆಚ್ಚು ಹೊರಬಿದ್ದರೆ ಇನ್ನೂ 20 ಮಂದಿ. ಮತ್ತೂ ಹೊಂದದಿದ್ದರೆ ಸ್ವಂತದ್ದನ್ನು ಕಟ್ಟುವುದೇ ಗತಿ. ಈ ಪರೀಕ್ಷೆಗೆ ಒಂದು ಕುರುಡು ಮೂಲೆಯಿದೆ. ಎರವಲು ವ್ಯಾಪ್ತಿ ಕಿರಿದಾಗಿದ್ದರೆ ಅದು ಹಿಡಿಯುತ್ತದೆ. ಬೇಕಾದ್ದಕ್ಕಿಂತ ಅಗಲವಾಗಿದ್ದರೆ 20 ಅಂಕಿಗಳೂ ಒಳಗೇ ಬಿದ್ದು ಸರಾಗವಾಗಿ ಪಾಸಾಗುತ್ತದೆ.

ಮಾನ್ಯತೆ ಪಡೆದ ಲ್ಯಾಬುಗಳು ತಮ್ಮ ವ್ಯಾಪ್ತಿಯ ಮೂಲವನ್ನು ದಾಖಲಿಸಿ ಆಗಾಗ ಪರಿಶೀಲಿಸಬೇಕೆಂದು ಐಎಸ್‌ಒ 15189 ಹೇಳುತ್ತದೆ. ಭಾರತದಲ್ಲಿ ಈ ಮಾನದಂಡದಂತೆ ಮಾನ್ಯತೆ ಕೊಡುವುದು ಎನ್‌ಎಬಿಎಲ್. ಯಂತ್ರವನ್ನೋ ಕಿಟ್ಟನ್ನೋ ಬದಲಿಸಿದಾಗ ವ್ಯಾಪ್ತಿಯನ್ನೂ ಮತ್ತೆ ನೋಡಲೇಬೇಕು. ಕ್ರಿಯಾಟಿನಿನ್ನಿಗೆ 1886ರಷ್ಟು ಹಳೆಯ ಯಾಫೆ ವಿಧಾನ ಈಗಲೂ ಬಳಕೆಯಲ್ಲಿದೆ. ಅದು ರಕ್ತದ ಬೇರೆ ಕೆಲವು ವಸ್ತುಗಳನ್ನೂ ಕ್ರಿಯಾಟಿನಿನ್ ಎಂದೇ ಎಣಿಸಿಬಿಡುವುದರಿಂದ ಅದರ ವ್ಯಾಪ್ತಿ ಕಿಣ್ವ ವಿಧಾನಕ್ಕೆ ಒಗ್ಗುವುದಿಲ್ಲ. ಹಾರ್ಮೋನುಗಳ ವಿಷಯದಲ್ಲಿ ಒಂದು ಕಂಪನಿಯ ಯಂತ್ರಕ್ಕೂ ಇನ್ನೊಂದರದ್ದಕ್ಕೂ ಅಂತರ ಇನ್ನೂ ಹೆಚ್ಚು.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಈಗಾಗಲೇ ಕೂಡಿಬಿದ್ದಿರುವ ಲಕ್ಷಾಂತರ ಫಲಿತಾಂಶಗಳಿಂದಲೇ ವ್ಯಾಪ್ತಿ ತೆಗೆಯುವ ಪರೋಕ್ಷ ವಿಧಾನಗಳೂ ಇವೆ. ಪರೀಕ್ಷೆಗೆ ಬರುವವರಲ್ಲೂ ಆಯಾ ಅಂಶದ ಮಟ್ಟಿಗೆ ಹೆಚ್ಚಿನವರು ಸರಿಯಾಗಿಯೇ ಇರುತ್ತಾರೆ, ಅವರ ಹರವನ್ನು ರೋಗಿಗಳ ಹರವಿನಿಂದ ಬೇರ್ಪಡಿಸಿದರಾಯಿತು ಎಂಬುದು ಇಲ್ಲಿನ ನಂಬಿಕೆ. ರಾಬರ್ಟ್ ಹಾಫ್‌ಮನ್ 1963ರಲ್ಲಿ ಇದಕ್ಕೊಂದು ದಾರಿ ಹಾಕಿದರು. ಸಿ. ಜಿ. ಭಟ್ಟಾಚಾರ್ಯ 1967ರಲ್ಲಿ ಪ್ರಕಟಿಸಿದ ವಿಧಾನ ಮೀನುಗಳ ಉದ್ದ ನೋಡಿ ಅವುಗಳ ವಯೋಗುಂಪು ಬೇರ್ಪಡಿಸಲೂ ರಕ್ತಪರೀಕ್ಷೆಯ ಅಂಕಿಗಳನ್ನು ವಿಂಗಡಿಸಲೂ ಬಳಕೆಯಾಯಿತು. 2021ರಲ್ಲಿ ಬಂದ ‘ರಿಫೈನ್‌ಆರ್’ ಇದೇ ಬಳಿಯ ಹೊಸ ಕುಡಿ. ಸೂಜಿ ಚುಚ್ಚದೆ ಮಕ್ಕಳ ಮತ್ತು ವೃದ್ಧರ ವ್ಯಾಪ್ತಿ ಪಡೆಯಲು ಇದು ವರ. ಆದರೆ ಕೊರತೆಯೇ ಬಹುಮಂದಿಯ ಸ್ಥಿತಿಯಾಗಿರುವ ಬಿ12, ಡಿ ವಿಟಮಿನ್ನುಗಳಂಥ ಕಡೆ ಈ ವಿಧಾನ ಕೈಕೊಡುತ್ತದೆ.

ಸ್ವಂತ ಭಾರತೀಯ ವ್ಯಾಪ್ತಿಗಳ ಕೆಲಸವೂ ನಿಂತಿಲ್ಲ. ಮುಂಬಯಿಯ ಹಿಂದೂಜಾ ಆಸ್ಪತ್ರೆಯ ತಂಡ 2005ರಲ್ಲಿ ಭಾರತೀಯರ ವ್ಯಾಪ್ತಿಗಳನ್ನು ಪ್ರಕಟಿಸಿತು. ಜಪಾನಿನ ಕಿಯೋಶಿ ಇಚಿಹಾರ ಮುಂದಾಳಾಗಿದ್ದ ಐಎಫ್‌ಸಿಸಿಯ ಬಹುದೇಶೀಯ ಅಧ್ಯಯನದಲ್ಲೂ ಭಾರತ ಪಾಲ್ಗೊಂಡಿತು.

ಒಬ್ಬರಿಗೆ ಒಂದು ವ್ಯಾಪ್ತಿ

ಕ್ರಿಯಾಟಿನಿನ್ ಒಬ್ಬ ವ್ಯಕ್ತಿಯಲ್ಲಿ ದಿನದಿಂದ ದಿನಕ್ಕೆ ಬದಲಾಗುವುದು ಶೇ 5ರಷ್ಟು ಮಾತ್ರ. ಜನರಿಂದ ಜನರಿಗೆ ಇರುವ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಇಂಥ ಪರೀಕ್ಷೆಯಲ್ಲಿ ಸಮುದಾಯದ ವ್ಯಾಪ್ತಿ ಒಬ್ಬರ ಮಟ್ಟಿಗೆ ತೀರ ಅಗಲ. ಎರಡು ಸಲದ ಅಳತೆಗಳ ನಡುವಿನ ಬದಲಾವಣೆ ನಿಜವಾದದ್ದೇ ಎಂದು ತಿಳಿಯಲು, ದೇಹದ ಏರಿಳಿತ ಮತ್ತು ಯಂತ್ರದ ಏರಿಳಿತಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, 2.77ರಿಂದ ಗುಣಿಸುತ್ತಾರೆ. ದೇಹದ್ದು ಶೇ 5, ಯಂತ್ರದ್ದು ಶೇ 3 ಎಂದಾದರೆ ಉತ್ತರ ಶೇ 16. ಕ್ರಿಯಾಟಿನಿನ್ 0.7 ಇದ್ದ ಹೆಂಗಸಿಗೆ ಮರುವರ್ಷ 0.9 ಬಂದರೆ ಏರಿಕೆ ಶೇ 28ಕ್ಕೂ ಹೆಚ್ಚು. ರಿಪೋರ್ಟಿನಲ್ಲಿ ಎರಡೂ ಅಂಕಿಗಳು ವ್ಯಾಪ್ತಿಯೊಳಗೇ ಇದ್ದು ದಪ್ಪಕ್ಷರವಿಲ್ಲದೆ ಅಚ್ಚಾಗಿರುತ್ತವೆ. ಮೂತ್ರಪಿಂಡಕ್ಕೆ ಏನೋ ಆಗುತ್ತಿದೆಯೇ ಎಂದು ನೋಡಬೇಕಾದ ಹೊತ್ತು ಅದು. ಇದು ಕಣ್ಣಿಗೆ ಬೀಳಬೇಕಾದರೆ ಹಳೆಯ ರಿಪೋರ್ಟು ಕೈಯಲ್ಲಿರಬೇಕು, ಎರಡು ಸಲವೂ ಒಂದೇ ವಿಧಾನದಲ್ಲಿ ಅಳೆದಿರಬೇಕು, ಆ ವಿಧಾನದ ಹೆಸರು ರಿಪೋರ್ಟಿನ ಮೇಲೆ ಬರೆದಿರಬೇಕು.